ಹಾಲಿನ ಗಿಂಡಿಗೆ ಮೀಟರ್ ಹಿಡಿದರೆ

ಕುಷ್ಟಗಿ ತಾಲ್ಲೂಕಿನ ಓದುಗರೊಬ್ಬರ ಪತ್ರ: "ಕೊಪ್ಪಳ ಜಿಲ್ಲೆಗೆ ಅಣು ವಿದ್ಯುತ್ ಸ್ಥಾವರ ಬರುತ್ತದಂತೆ. ಮಗ ವಿಕಿರಣ ಅಳೆಯೋ ಮೀಟರ್ ತರಿಸಿದ್ದಾನೆ. ನಮ್ಮ ಎಮ್ಮೆ ಹಾಲಿನ ಹತ್ತಿರ ಹಿಡಿದರೆ ಟಿಕ್ ಟಿಕ್ ಅನ್ನುತ್ತದೆ. ಹೊಸ್ತಿಲ ಮೇಲಿಟ್ಟರೆ ಇನ್ನೂ ಜಾಸ್ತಿ. ಈ ಹಾಲು ಕುಡಿಯಬಹುದಾ?"

ಸಂಪಾದಕರ ಉತ್ತರ:

ಧಾರಾಳವಾಗಿ ಕುಡಿಯಿರಿ. ಖಾಲಿ ಗಿಂಡಿಗೂ ಒಮ್ಮೆ ಮೀಟರ್ ಹಿಡಿದು ನೋಡಿ, ಹೆಚ್ಚುಕಮ್ಮಿ ಅಷ್ಟೇ ಬಡಿಯುತ್ತದೆ. ಅದು ನೆಲದ್ದು, ಗೋಡೆಯದ್ದು, ಆಕಾಶದಿಂದ ಬೀಳುವ ಕಿರಣಗಳದ್ದು. ನಿಮ್ಮ ಹೊಸ್ತಿಲು ಗ್ರಾನೈಟ್ ಅಲ್ವಾ? ಅದರಲ್ಲಿ ಯುರೇನಿಯಂ, ಥೋರಿಯಂ ಒಂಚೂರು ಇದ್ದೇ ಇರುತ್ತದೆ. ಹಾಲಿನಲ್ಲೂ ತಾನಾಗೇ ವಿಕಿರಣ ಸೂಸುವ ಪೊಟ್ಯಾಸಿಯಂ 40 ಇದೆ, ಲೀಟರಿಗೆ ಸುಮಾರು 50 ಬೆಕೆರೆಲ್, ಅಂದರೆ ಸೆಕೆಂಡಿಗೆ ಸುಮಾರು 50 ಪರಮಾಣು ಒಡೆಯುತ್ತವೆ. ನಿಮ್ಮಜ್ಜ ಕುಡಿದ ಹಾಲಿನಲ್ಲೂ ಇತ್ತು.

ಆದರೆ ನಿಮ್ಮ ದಿಗಿಲು ಸುಮ್ನೆ ಹುಟ್ಟಿದ್ದಲ್ಲ. ಸ್ಥಾವರದಲ್ಲಿ ಅನಾಹುತವಾದರೆ ಮೊದಲು ನೋಡೋದೇ ಹಾಲನ್ನು. ರಿಯಾಕ್ಟರಿನಿಂದ ಹೊರಬೀಳುವ ಅಯೋಡಿನ್ 131 ಅನ್ನೋ ವಿಕಿರಣ ವಸ್ತು ಹುಲ್ಲಿನ ಮೇಲೆ ಕೂರುತ್ತದೆ, ದನ ಮೇಯುತ್ತದೆ, ಒಂದೆರಡು ದಿನಕ್ಕೆ ಹಾಲಿಗೆ ಇಳಿಯುತ್ತದೆ. ಮಕ್ಕಳ ಪುಟ್ಟ ಥೈರಾಯ್ಡ್ ಗ್ರಂಥಿ ಅದನ್ನು ಹೀರಿಕೊಳ್ಳುತ್ತದೆ. 1957ರಲ್ಲಿ ಇಂಗ್ಲೆಂಡಿನ ವಿಂಡ್‌ಸ್ಕೇಲ್ ರಿಯಾಕ್ಟರ್‌ಗೆ ಬೆಂಕಿ ಬಿದ್ದಾಗ ಸುಮಾರು 500 ಚದರ ಕಿಲೋಮೀಟರ್ ಪ್ರದೇಶದ ಹಾಲನ್ನು ಚೆಲ್ಲಿಸಿದರು. 1986ರಲ್ಲಿ ಚೆರ್ನೋಬಿಲ್ ಸುತ್ತಮುತ್ತ ಹಾಗೆ ಬೇಗ ತಡೆಯಲಿಲ್ಲ. ಸಾವಿರಾರು ಮಕ್ಕಳಿಗೆ ಥೈರಾಯ್ಡ್ ಕ್ಯಾನ್ಸರ್ ಬಂತು.

ಇದನ್ನು ಹಿಡಿಯೋದು ಕೈಮೀಟರ್‌ನ ಕೆಲಸವಲ್ಲ. ಲ್ಯಾಬಿನಲ್ಲಿ ಒಂದು ಲೀಟರ್ ಹಾಲನ್ನು, ತಳ ಒಳಕ್ಕೆ ಎದ್ದಿರುವ ಪಾತ್ರೆಗೆ ಸುರಿಯುತ್ತಾರೆ. ಮನೆಯ ಗ್ರೈಂಡರಿನ ಡಬ್ಬಿಯ ನಡುವೆ ಕೊಳವೆ ಎದ್ದಿರುತ್ತಲ್ಲ, ಹಾಗೆ. ಆ ಪಾತ್ರೆಯನ್ನು ಕಿರಣ ಹಿಡಿಯುವ ಡಿಟೆಕ್ಟರ್ ಮೇಲೆ ಕವುಚಿದಂತೆ ಕೂರಿಸಿ, ಸುತ್ತ ದಪ್ಪ ಸೀಸದ ಗೋಡೆ ಮುಚ್ಚಿ, ಗಂಟೆಗಟ್ಟಲೆ ಬಿಡುತ್ತಾರೆ. ಹೊಸ್ತಿಲ ಕಲ್ಲಿನ ಗದ್ದಲ ಒಳಗೆ ಬರಬಾರದು, ಅದಕ್ಕೇ ಸೀಸ. ಪರದೆಯಲ್ಲಿ ಒಂದೊಂದು ವಿಕಿರಣ ವಸ್ತುವಿಗೂ ಅದರ ಕಿರಣದ ಶಕ್ತಿಗೆ ತಕ್ಕಂತೆ ಒಂದೊಂದು ಜಾಗದಲ್ಲಿ ಗುಡ್ಡ ಏಳುತ್ತದೆ: ರಿಯಾಕ್ಟರಿನಲ್ಲಿ ಹುಟ್ಟುವ ಸೀಸಿಯಂ 137ಕ್ಕೆ 662 ಕೆಇವಿಯಲ್ಲಿ (ಕಿರಣದ ಶಕ್ತಿಯ ಅಳತೆ), ಪೊಟ್ಯಾಸಿಯಂ 40ಕ್ಕೆ 1461ರಲ್ಲಿ. ಟಿಕ್ ಟಿಕ್ ಅನ್ನೋ ಮೀಟರಿಗೆ ಇವೆರಡೂ ಒಂದೇ. ರಿಯಾಕ್ಟರಿನದೇ ಇನ್ನೊಂದು ವಸ್ತು ಸ್ಟ್ರಾನ್ಷಿಯಂ 90 ಈ ಯಂತ್ರಕ್ಕೂ ಕಾಣದು, ಅದನ್ನು ರಾಸಾಯನಿಕವಾಗಿ ಬೇರ್ಪಡಿಸಿಯೇ ಎಣಿಸಬೇಕು.

ಹಾಲು ಕಾಯಿಸಿದರೆ ಇವು ಹೋಗಲ್ಲ. ಅಂಥ ಹೊತ್ತಿನಲ್ಲಿ ಉಳಿಸೋದು ಮುಚ್ಚಿಟ್ಟ ಒಣ ಮೇವು. ದನ ಹೊರಗೆ ಬಿಡದೆ, ಕೊಟ್ಟಿಗೆಯೊಳಗೆ ಪೇರಿಸಿಟ್ಟ ಜೋಳದ ಕಣಿಕೆ ಹಾಕಬೇಕು. ಅಯೋಡಿನ್ 131 ಎಂಟು ದಿನಕ್ಕೆ ಅರ್ಧ ಆಗುತ್ತದೆ, ಎಂಬತ್ತು ದಿನಕ್ಕೆ ಸುಮಾರು ಸಾವಿರದಲ್ಲೊಂದು ಪಾಲಷ್ಟೇ ಉಳಿಯುತ್ತದೆ. ಸೀಸಿಯಂ ಹಾಗಲ್ಲ, ಅದು ಅರ್ಧ ಆಗೋಕೇ 30 ವರ್ಷ ಬೇಕು.

ಮಗನಿಗೆ ಹೇಳಿ, ಮೀಟರ್ ಎತ್ತಿಡಲಿ. ಸ್ಥಾವರದ ಅಹವಾಲು ಸಭೆ ಕರೆದರೆ ಇಬ್ಬರೂ ಹೋಗಿ ಒಂದೇ ಮಾತು ಕೇಳಿ: ಕೆಲಸ ಶುರುವಾಗೋ ಮುಂಚೆ ನಮ್ಮೂರ ಹಾಲನ್ನು ಅಳೆದು, ಅಂಕಿ ಪಂಚಾಯಿತಿ ಬೋರ್ಡಿಗೆ ಹಚ್ಚುತ್ತೀರಾ? ಆ ಅಂಕಿ ಇಲ್ಲದಿದ್ದರೆ ಮುಂದೆ ಏರಿತೋ ಇಲ್ಲವೋ ಅನ್ನೋದಕ್ಕೆ ನಮ್ಮ ಕೈಯಲ್ಲಿ ಲೆಕ್ಕವೇ ಇರಲ್ಲ.