ಓದುಗರ ಪ್ರಶ್ನೆ: ಬಾಲಿಯಿಂದ ಜಕಾರ್ತಕ್ಕೆ ವಿಮಾನವಿಲ್ಲದೆ

ಪ್ರಶ್ನೆ: ನಾನು, ನನ್ನ ಹೆಂಡತಿ ಬಾಲಿಗೆ ಹೋಗುವವರಿದ್ದೇವೆ. ಅಲ್ಲಿಂದ ವಿಮಾನ ಹತ್ತದೆ ಜಕಾರ್ತ ತಲುಪಿ ರಾಷ್ಟ್ರೀಯ ಸ್ಮಾರಕ ‘ಮೊನಾಸ್’ ನೋಡಬಹುದೇ? ಇಬ್ಬರಿಗೂ ಅರವತ್ತು ದಾಟಿದೆ. ಅಷ್ಟು ದೂರ ಹೋಗಿ ನೋಡುವಂಥದ್ದು ಅಲ್ಲೇನಿದೆ?

ಉತ್ತರ: ಧಾರಾಳವಾಗಿ ಹೋಗಿ. ಆದರೆ ಒಂದೇ ಉಸಿರಿಗೆ ತಲುಪುವ ಹಟ ಬೇಡ, ದಾರಿಯಲ್ಲಿ ಸಿಗುವ ಪೂರ್ವ ಜಾವಾದ ಸುರಬಾಯ ನಗರದಲ್ಲಿ ಒಂದು ರಾತ್ರಿ ತಂಗಿ.

ಮೆಂಗ್ವಿ ನಿಲ್ದಾಣದಿಂದ ಬಸ್ ಹಿಡಿದು ಬಾಲಿಯ ಪಶ್ಚಿಮ ತುದಿಯ ಗಿಲಿಮಾನುಕ್ ಸೇರಿದರೆ ಅಲ್ಲಿಂದ ಫೆರ್ರಿ. ಕಡಲು ದಾಟುವುದು ಮುಕ್ಕಾಲು ಗಂಟೆಯ ಮಾತು. ಆಚೆ ದಡದಲ್ಲಿ, ಜಾವಾದ ಕೆತಪಾಂಗ್ ಬಂದರಿನಲ್ಲಿ, ಇಳಿದೊಡನೆ ಕೈಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿ. ಬಾಲಿಯ ಗಂಟೆ ನೋಡಿಕೊಂಡು, ಗಾಡಿ ತಪ್ಪಿತೆಂದು ಲಗೇಜು ಎಳೆಯುತ್ತಾ ಓಡುವವರನ್ನು ಕೆತಪಾಂಗ್ ಸ್ಟೇಷನ್ನಿನಲ್ಲಿ ಕಂಡಿದ್ದೇನೆ. ಸ್ಟೇಷನ್ನು ಬಂದರಿನಿಂದ ನಡೆದು ಹೋಗುವಷ್ಟು ಹತ್ತಿರ. ಓಡುವ ಅಗತ್ಯವೇ ಇಲ್ಲ. ಅಲ್ಲಿಂದ ಸುರಬಾಯಕ್ಕೆ ರೈಲು.

ಸುರಬಾಯದಲ್ಲಿ ಒಂದು ತೊಡಕಿದೆ. ನೀವು ಇಳಿಯುವುದು ಗುಬೆಂಗ್ ಸ್ಟೇಷನ್ನಿನಲ್ಲಿ, ಜಕಾರ್ತದ ರೈಲು ‘ಆರ್ಗೊ ಬ್ರೊಮೊ ಆಂಗ್ರೆಕ್’ ಹೊರಡುವುದು ಪಾಸರ್ ತುರಿ ಸ್ಟೇಷನ್ನಿನಿಂದ. ನಡುವೆ ಟ್ಯಾಕ್ಸಿ ಮಾಡಿಕೊಳ್ಳಿ. ಬೆಳಗಿನ ಗಾಡಿಯಲ್ಲಿ ಬಲಬದಿಯ ಕಿಟಕಿ ಸಿಕ್ಕರೆ ಬಿಡಬೇಡಿ: ಸೆಮರಾಂಗ್ ದಾಟಿದ ಮೇಲೆ ಬತಾಂಗ್ ಕಡೆ ಹಳಿ ಜಾವಾ ಸಮುದ್ರದ ಮಗ್ಗುಲಲ್ಲೇ ಸಾಗುತ್ತದೆ. ಟಿಕೆಟ್ಟಿನ ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇರಲಿ, ಹತ್ತುವ ಮುನ್ನ ತಾಳೆ ನೋಡುತ್ತಾರೆ. ಹೊರಟು ಎಂಟು ತಾಸಿನ ಆಸುಪಾಸಿನಲ್ಲಿ ಜಕಾರ್ತದ ಗಾಂಬಿರ್ ಸ್ಟೇಷನ್ ಬರುತ್ತದೆ. ಆಗ ಎಡಕ್ಕೆ ನೋಡಿ, ಮೊನಾಸ್ ಅಲ್ಲೇ ನಿಂತಿರುತ್ತದೆ.

ಎತ್ತರ 132 ಮೀಟರ್. ತುದಿಯಲ್ಲಿ ಚಿನ್ನ ಹೊದಿಸಿದ ಕಂಚಿನ ಜ್ವಾಲೆ. ನೆಟ್ಟಗಿನ ಕಂಬ, ಬುಡದಲ್ಲಿ ಅಗಲವಾಗಿ ಬಾಯ್ದೆರೆದ ಬಟ್ಟಲು. ಲಿಂಗ-ಯೋನಿಯ ಕಲ್ಪನೆಯೆಂದು ಅಲ್ಲಿಯವರೇ ವಿವರಿಸುತ್ತಾರೆ. ಬಟ್ಟಲಿನ ಮೇಲಂಗಳ 45 ಮೀಟರ್ ಚೌಕ, ನೆಲದಿಂದ ಅದರ ಎತ್ತರ 17 ಮೀಟರ್. ಸ್ವಾತಂತ್ರ್ಯ ಸಾರಿದ ತಾರೀಕನ್ನು, ಅಂದರೆ 1945ರ ಆಗಸ್ಟ್ 17ನ್ನು, ಅಳತೆಯಲ್ಲೇ ಅಡಗಿಸಿದ್ದಾರೆ. 1961ರಲ್ಲಿ ಕೆಲಸಕ್ಕೆ ಕೈಹಚ್ಚಿಸಿದ ಇಂಡೊನೇಷ್ಯಾದ ಮೊದಲ ಅಧ್ಯಕ್ಷ ಸುಕರ್ನೊ, 1975ರಲ್ಲಿ ಅದು ಜನರಿಗೆ ತೆರೆಯುವ ಹೊತ್ತಿಗೆ ತೀರಿಕೊಂಡಿದ್ದರು. ಉದ್ಘಾಟಿಸಿದ್ದು ಅವರನ್ನು ಕೆಳಗಿಳಿಸಿದ ಸುಹಾರ್ತೊ!

115 ಮೀಟರ್ ಎತ್ತರದ ವೀಕ್ಷಣಾ ಕಟ್ಟೆಗೆ ಹೋಗುವ ಲಿಫ್ಟು ಪುಟ್ಟದು, ಸಾಲು ಉದ್ದದ್ದು. ಜನ ಹೆಚ್ಚಿದ್ದರೆ ಬಿಟ್ಟುಬಿಡಿ, ನಷ್ಟವೇನಿಲ್ಲ. ಬಿಡಬಾರದ್ದು ಬಟ್ಟಲಿನ ಒಳಗಿನ ಸ್ವಾತಂತ್ರ್ಯ ಸಭಾಂಗಣ. ಅಲ್ಲಿ ಚಿನ್ನದ ಲೇಪದ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ಹಾಡಿನ ಹಿಂದೆಯೇ ಘೋಷಣೆ ಓದುವ ಸುಕರ್ನೊ ದನಿ ಕೇಳುತ್ತದೆ. (ಆ ದನಿ 1945ರದ್ದಲ್ಲ, ಆಮೇಲೆ ಮುದ್ರಿಸಿಕೊಂಡದ್ದು. ಕೇಳುವಾಗ ಅದು ನೆನಪಾಗುವುದಿಲ್ಲ.) ನೆಲಮಾಳಿಗೆಯ ಮ್ಯೂಸಿಯಂನಲ್ಲಿ ಇತಿಹಾಸದ ದೃಶ್ಯಗಳ ಗಾಜಿನ ಕಪಾಟುಗಳಿವೆ. ಅಷ್ಟನ್ನೂ ನೋಡುವ ತಾಳ್ಮೆ ನನಗಿಲ್ಲ, ನಿಮಗಿರಬಹುದು.

ರಂಜಾನ್ ಹಬ್ಬದ ಹಿಂದುಮುಂದಿನ ದಿನಗಳನ್ನು ತಪ್ಪಿಸಿ. ಜಾವಾಕ್ಕೆ ಜಾವಾವೇ ಊರಿಗೆ ಹೊರಟಿರುತ್ತದೆ, ರೈಲಿನಲ್ಲಿ ಸೀಟು ಸಿಗುವುದಿಲ್ಲ. ಸೋಮವಾರ ಸ್ಮಾರಕಕ್ಕೆ ರಜೆ, ಹಾಗಾಗಿ ಸುರಬಾಯದಿಂದ ಭಾನುವಾರದ ಟಿಕೆಟ್ ಮಾತ್ರ ಮಾಡಿಸಬೇಡಿ.