ಓದುಗರ ಪ್ರಶ್ನೆ: ತುರ್ತುಕ್‌ನ ಕಲ್ಲುಗೂಡು, ಜರ್ದಾಳು (ಏಪ್ರಿಕಾಟ್) ಹಣ್ಣು

ಪ್ರಶ್ನೆ: ಲಡಾಖಿನ ತುರ್ತುಕ್‌ನಲ್ಲಿ ಕರೆಂಟಿಲ್ಲದ ‘ಫ್ರಿಜ್’ ಇದೆಯಂತೆ. ನಿಜವೇ? ಆ ಊರು ಮೊದಲು ಪಾಕಿಸ್ತಾನದ್ದೇ?

ಉತ್ತರ: ಎರಡೂ ನಿಜ. ಶ್ಯೋಕ್ ನದಿಯ ದಡದಲ್ಲಿ, ಸುಮಾರು 3,000 ಮೀಟರ್ ಎತ್ತರದಲ್ಲಿರುವ ಈ ಬಾಲ್ಟಿ ಜನರ ಊರು 1971ರ ಡಿಸೆಂಬರ್‌ವರೆಗೆ ಪಾಕಿಸ್ತಾನದ ಹಿಡಿತದಲ್ಲಿತ್ತು. ಆಗ ಭಾರತೀಯ ಸೇನೆಯ ಮೇಜರ್ ಚೆವಾಂಗ್ ರಿಂಚೆನ್ ಪಡೆ ತುರ್ತುಕ್, ತ್ಯಾಕ್ಷಿ, ಚಲುಂಕಾ, ಥಾಂಗ್‌ಗಳನ್ನು ಗೆದ್ದಿತು. ಅಣ್ಣ ಅತ್ತ, ತಮ್ಮ ಇತ್ತ ಉಳಿದ ಮನೆಗಳು ಬಹಳ. ಪ್ರವಾಸಿಗರಿಗೆ ಬಾಗಿಲು ತೆರೆದದ್ದು 2010ರಲ್ಲಷ್ಟೇ.

ನೀವು ಕೇಳಿದ ಫ್ರಿಜ್‌ಗೆ ಅಲ್ಲಿ ‘ನಂಗ್‌ಚುಂಗ್’ ಎನ್ನುತ್ತಾರೆ. ಬಂಡೆರಾಶಿಯ ಸಂದುಗಳಿಂದ ತಂಗಾಳಿ ಹೊಮ್ಮುವ ಜಾಗ ನೋಡಿ, ಗಾರೆಯಿಲ್ಲದೆ ಕಲ್ಲು ಪೇರಿಸಿ ಕಟ್ಟಿದ ಪುಟ್ಟ ಕೋಣೆ ಅದು. ಬೇಸಿಗೆಯಲ್ಲಿ ಬೆಣ್ಣೆ, ಹಾಲು, ಮಾಂಸ ಒಳಗಿಡುತ್ತಾರೆ. ಅಂದಗಾಣಿಸಲು ಸಿಮೆಂಟು ಮೆತ್ತಿದರೆ ಕೆಟ್ಟಿತು: ಗಾಳಿಯ ದಾರಿ ಮುಚ್ಚಿದ ಮೇಲೆ ಅದು ಬರೀ ಉಗ್ರಾಣ.

ಪ್ರಶ್ನೆ: ಅಲ್ಲಿಂದ ತಂದ ಜರ್ದಾಳು ಕಂದು ಬಣ್ಣಕ್ಕಿದೆ. ಹಾಳಾಗಿದೆಯೇ? ಬೀಜ ತಿನ್ನಬಹುದೇ?

ಉತ್ತರ: ಗಂಧಕದ ಹೊಗೆ ಹಾಕದೆ ಬಿಸಿಲಲ್ಲಿ ಒಣಗಿಸಿದರೆ ಬಣ್ಣ ಹಾಗೆಯೇ, ಕಿತ್ತಳೆ ಬಣ್ಣ ಮಿಂಚುತ್ತಿದ್ದರೇ ಗಂಧಕದ ಅನುಮಾನ. ಹುಳಿವಾಸನೆ, ಬೂಷ್ಟು ಇದ್ದರೆ ಎಸೆಯಿರಿ. ಒಣಗುವಾಗ ಮಳೆ ಹನಿದರೆ ಬೂಷ್ಟು ಹಿಡಿಯುತ್ತದೆ. ಬೀಜದ ತಿರುಳು ಸಿಹಿಯಿದ್ದರೆ ತಿನ್ನಿ. ಕಹಿಯಿದ್ದರೆ ಉಗಿದುಬಿಡಿ: ಅದರಲ್ಲಿರುವ ಅಮಿಗ್ಡಾಲಿನ್ ಹೊಟ್ಟೆಯಲ್ಲಿ ಸಯನೈಡ್ ಬಿಡುತ್ತದೆ. ಮಕ್ಕಳ ಕೈಗಂತೂ ಬೇಡವೇ ಬೇಡ.