ತಾತ ಹೇಳಿದ ತಾರೀಕು ತಪ್ಪಲ್ಲ ಸ್ವಾಮಿ

ಮದ್ದೂರು ತಾಲೂಕಿನಿಂದ ಒಬ್ಬ ಓದುಗರು ಸಿಟ್ಟಲ್ಲಿ ಬರ್ದಿದಾರೆ. ಮಗಳು ಎಸ್ಸೆಸ್ಸೆಲ್ಸಿ. 1971ರ ಯುದ್ಧಕ್ಕೆ ಹೋಗಿದ್ದ ರಿಟೈರ್ಡ್ ಹವಾಲ್ದಾರ್ರು ಊರಲ್ಲೇ ಇದಾರೆ, ಅವರನ್ನ ಮಾತಾಡಿಸ್ಕೊಂಡು ಬಾ ಅಂತ ಸಮಾಜ ವಿಜ್ಞಾನದ ಮೇಷ್ಟ್ರು ಪ್ರಾಜೆಕ್ಟ್ ಕೊಟ್ರಂತೆ. ಮೂರು ಭಾನುವಾರ ಹಾಳಾಯ್ತು ಅನ್ನೋದು ಅಪ್ಪನ ತಕರಾರು. "ಆ ಯಜಮಾನ್ರು ಯುದ್ಧದ ವಿಷ್ಯ ಹೇಳಿದ್ದು ಕಾಲು ಭಾಗ. ಚಳಿ, ಚಪಾತಿ, ಅವ್ವನ ಕಾಗದ ಇಂಥದ್ದೇ ಮುಕ್ಕಾಲು. ಸಾಲದ್ದಕ್ಕೆ ಯುದ್ಧ ನಿಂತಿದ್ದು ಡಿಸೆಂಬರ್ 17 ಅಂತ ತಪ್ಪು ಬೇರೆ ಬರೆಸವ್ರೆ. ಗೂಗಲ್ ಮಾಡಿದ್ರೆ ಐದು ನಿಮಿಷಕ್ಕೆ ಸರಿಯಾದ್ದು ಸಿಗ್ತಿತ್ತು. ಹುಡುಗಿ ಕಲ್ತಿದ್ದೇನು ನೀವೇ ಹೇಳಿ" ಅಂತ ಕೇಳಿ, ಸಾಕ್ಷಿಗೆ ಮಗಳ ನೋಟ್ಸಿನ ಎರಡು ಪುಟ ಜೆರಾಕ್ಸ್ ಮಾಡಿ ಇಟ್ಟಿದಾರೆ.

ಸ್ವಾಮಿ, ಆ ಜೆರಾಕ್ಸ್ ಇಟ್ಟಿರ್ಲಿಲ್ಲ ಅಂದ್ರೆ ನಾನು ನಿಮ್ ಕಡೆಗೇ ಇರ್ತಿದ್ದೆನೇನೋ. ಪರೀಕ್ಷೆ ವರ್ಷ, ನಿಮ್ ಆತಂಕ ಸುಳ್ಳಲ್ಲ. ವಯಸ್ಸಾದವರ ನೆನಪು ಕೈ ಕೊಡೋದೂ ಉಂಟು, ಹೇಳ್ತಾ ಹೇಳ್ತಾ ಹತ್ತು ಟ್ಯಾಂಕು ಇಪ್ಪತ್ತಾಗುತ್ತೆ. ಒಪ್ಪಿದೆ.

ಈಗ ತಾರೀಕಿನ ಲೆಕ್ಕ ಚುಕ್ತಾ ಮಾಡ್ಬಿಡೋಣ. ನೀವು ನೋಡಿದ್ದು ಡಿಸೆಂಬರ್ 16, ಢಾಕಾದಲ್ಲಿ ಪಾಕಿಸ್ತಾನದ ಜನರಲ್ ನಿಯಾಜಿ ಶರಣಾಗಿ ಸಹಿ ಹಾಕಿದ ದಿನ. ಆದ್ರೆ ನಿಮ್ಮೂರ ಹವಾಲ್ದಾರ್ರು ಇದ್ದದ್ದು ಪೂರ್ವದ ಆ ಕಡೆ ಅಲ್ಲ, ಪಶ್ಚಿಮ ಗಡಿ ಕಡೆ, ಶಕರ್‌ಗಢದ ಹತ್ರ ಬಸಂತರ್ ನದಿ ದಂಡೇಲಿ, ನಿಮ್ ಮಗಳೇ ಬರ್ದಿದಾಳೆ ಓದಿ. ಪಶ್ಚಿಮದಲ್ಲಿ ಕದನವಿರಾಮ ಜಾರಿಗೆ ಬಂದಿದ್ದು 17ರ ರಾತ್ರಿ 8 ಗಂಟೆಗೆ. ತಾತ ಹೇಳಿದ್ದು ಸರಿ, ತಿದ್ದಕ್ಕೆ ಹೋದ ನೀವೇ ತಪ್ಪು! ಢಾಕಾದಲ್ಲಿ ಸಹಿ ಬಿದ್ದ ಮೇಲೂ ಇನ್ನೊಂದು ದಿನ ಇವರ ಕಡೆ ಗುಂಡು ಹಾರ್ತಾನೇ ಇತ್ತು. ಇದನ್ನ ಹುಡುಕೋಕೆ ಗೂಗಲ್ಲಲ್ಲಿ ಏನಂತ ಟೈಪ್ ಮಾಡ್ಬೇಕು ಅಂತಾನೂ ಆ ಮಗೂಗೆ ಗೊತ್ತಿರ್ಲಿಲ್ಲ, ನಿಮಗೂ ಗೊತ್ತಿರ್ಲಿಲ್ಲ.

ಎರಡನೇ ಪುಟ ನಾನು ಮೂರು ಸಲ ಓದ್ದೆ. ಅವರು ಮದ್ರಾಸ್ ಸ್ಯಾಪರ್ಸ್, ಅಂದ್ರೆ ನಮ್ ಬೆಂಗಳೂರಿನ ಎಂಇಜಿ, ಸೇನೆಯ ಇಂಜಿನಿಯರ್ ಪಡೆ, ಫೌಜಲ್ಲಿ ಇವರಿಗೆ ತಂಬಿ ಅಂತಾರೆ. ಟ್ಯಾಂಕು ಮುಂದೆ ಹೋಗ್ಬೇಕಾದ್ರೆ ಮೊದ್ಲು ಇವರು ನೆಲದಲ್ಲಿ ಹೂತಿಟ್ಟ ಮೈನ್, ಅಂದ್ರೆ ತುಳಿದ್ರೆ ಸಿಡಿಯೋ ಬಾಂಬು, ತೆಗೆದು ದಾರಿ ಮಾಡ್ಕೊಡ್ಬೇಕು. ತಾತ ಅಂಗಳದಲ್ಲಿ ಬೋರಲು ಮಲಗಿ, ಹಳೇ ಕೊಡೆಯ ಕಡ್ಡಿ ಹಿಡ್ಕೊಂಡು ತೋರ್ಸಿದ್ರಂತೆ. "ಓರೆಯಾಗಿ ಚುಚ್ಬೇಕು ಕಣವ್ವ, ನೆಟ್ಟಗೆ ಚುಚ್ಚಿದ್ರೆ ಅದ್ರ ತಲೆ ಮ್ಯಾಲೇ ಒತ್ದಂಗಾಯ್ತದೆ. ಗಟ್ಟಿ ತಾಕ್ತು ಅಂದ್ರೆ ಕಲ್ಲೋ ಅದೋ ಅಂತ ಬೆರಳಲ್ಲಿ ಮಣ್ಣು ಬಿಡಿಸಿ ನೋಡ್ಬೇಕು." ಹುಡುಗೀನೂ ಮಲಗಿ ಚುಚ್ಚಿದಾಳೆ, ಒಂದು ಮಾರು ದೂರಕ್ಕೆ ಇಪ್ಪತ್ತು ನಿಮಿಷ ಆಯ್ತು, ಮೊಣಕೈ ಉರೀತು ಅಂತ ಬರ್ದಿದಾಳೆ. ಅಲ್ಲಿ ದಾರಿ ಪೂರ್ತಿ ಕ್ಲಿಯರ್ ಆಗೋ ಮುಂಚೆನೇ ಪೂನಾ ಹಾರ್ಸ್ ರೆಜಿಮೆಂಟಿನ ಟ್ಯಾಂಕುಗಳು ನುಗ್ಗಿದ್ವು, 16ನೇ ತಾರೀಕು ಆ ರೆಜಿಮೆಂಟಿನ 21 ವರ್ಷದ ಅಧಿಕಾರಿ ಅರುಣ್ ಖೇತರ್‌ಪಾಲ್ ಪ್ರಾಣ ಬಿಟ್ರು, ಪರಮವೀರ ಚಕ್ರ ಬಂತು. ಅದು ಗೂಗಲ್ಲಲ್ಲಿ ಸಿಗುತ್ತೆ ಬಿಡಿ, ಮೊಣಕೈ ಉರಿ ಎಲ್ಲಿ ಸಿಗ್ಬೇಕು.

ಅವ್ವನ ಕಾಗದ ಯುದ್ಧದ ವಿಷ್ಯ ಅಲ್ಲ ಅಂದ್ರಲ್ಲ, ಅದಕ್ಕೆ ನಂಗೆ ಸ್ವಲ್ಪ ಕೋಪಾನೇ ಬಂತು. ಕೇರಾಫ್ 56 ಎಪಿಓ (ಸೇನೆಯ ಅಂಚೆ ಕಚೇರಿ) ಅನ್ನೋದೊಂದೇ ಅಡ್ರೆಸ್ಸು. ಮಗ ಜಮ್ಮು ಕಡೆ ಇದಾನೋ ಪಂಜಾಬ್ ಕಡೆ ಇದಾನೋ ಆ ತಾಯಿಗೆ ಗೊತ್ತಾಗೋ ಹಾಗೇ ಇರ್ಲಿಲ್ಲ, ಪೋಸ್ಟ್‌ಮ್ಯಾನನ್ನ ಬಾಗಿಲಲ್ಲಿ ಹಿಡ್ಕೊಂಡು ಕೇಳ್ತಿತ್ತಂತೆ.

ನಿಮ್ ಮಗಳನ್ನ ನೋಡಿ ನಂಗೆ ಹೊಟ್ಟೆಕಿಚ್ಚು, ಅದಕ್ಕೆ ಕಾರಣ ಇದೆ. ನಾನು ಬೆಳೆದಿದ್ದು ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ. ನಮ್ ಬೀದೀಲಿ ಒಬ್ರು ಅಜ್ಜ ಇದ್ರು, ಮಹಾರಾಜರ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸಲ್ಲಿದ್ದವರು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ಕ್ಕೆ, ಈಗಿನ ಇಸ್ರೇಲಿನ ಹೈಫಾ ಹಿಡಿದ್ರಲ್ಲ, ಅಲ್ಲಿದ್ದವರು. ಜಗಲಿ ಮೇಲೆ ಕೂರಿಸ್ಕೊಂಡು ಹೇಳೋಕೆ ಶುರು ಮಾಡಿದ್ರೆ ನಾನು ಲಗೋರಿ ಆಡಕ್ಕೆ ಓಡಿಹೋಗ್ತಿದ್ದೆ. "ಕುದುರೆ ನೀರು ಕುಡಿಯೋವರ್ಗೂ ನಾವು ಕುಡೀತಿರ್ಲಿಲ್ಲ ಮಗು" ಅನ್ನೋ ಒಂದು ಮಾತು ಬಿಟ್ರೆ ಇವತ್ತು ನನ್ ಹತ್ರ ಏನೂ ಇಲ್ಲ. ಅವರ ಟ್ರಂಕು ಗುಜರಿಗೆ ಹೋಯ್ತು. ಈಗ ಪ್ರತಿ ಸೆಪ್ಟೆಂಬರಿಗೆ ಫೇಸ್‌ಬುಕ್ ತುಂಬಾ ಹೈಫಾ ಹೈಫಾ ಅಂತ ಹೆಮ್ಮೆ, ದೆಹಲಿಯ ತೀನ್ ಮೂರ್ತಿ ಸೈನಿಕ ಸ್ಮಾರಕದ ಫೋಟೋ, ಮೂರು ಮೂರ್ತೀಲಿ ಒಂದು ನಮ್ದು ಅಂತ. ಮೂರ್ತಿ ಮಾತಾಡುತ್ತಾ?

ಅಮೆರಿಕದವರನ್ನ ಹೊಗಳೋ ಚಾಳಿ ನಂಗಿಲ್ಲ, ಆದ್ರೂ ಹೇಳ್ತೀನಿ. 2000ನೇ ಇಸವೀಲಿ ಅವರ ಸಂಸತ್ತೇ ಕಾನೂನು ಮಾಡಿ, ಮಾಜಿ ಸೈನಿಕರ ಮಾತು ರೆಕಾರ್ಡ್ ಮಾಡಿ ಅವರ ದೊಡ್ಡ ಸರ್ಕಾರಿ ಗ್ರಂಥಾಲಯ ಲೈಬ್ರರಿ ಆಫ್ ಕಾಂಗ್ರೆಸ್ಸಲ್ಲಿ ಇಡೋ ವ್ಯವಸ್ಥೆ ಮಾಡ್ತು. ಸ್ಕೂಲ್ ಹುಡುಗರೂ ಹೋಗಿ ಮಾತಾಡಿಸ್ಬೋದು, ಕನಿಷ್ಠ ಅರ್ಧ ಗಂಟೆ ಇರ್ಬೇಕು ಅಷ್ಟೇ. ನಮ್ಮಲ್ಲಿ ಆಗಸ್ಟ್ ಹದಿನೈದಕ್ಕೆ ಕರೆದು ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಫ್ಲೆಕ್ಸಲ್ಲಿ ಅವರಿಗಿಂತ ದೊಡ್ಡ ಫೋಟೋ ಶಾಲು ಹೊದಿಸೋ ಲೀಡರಿಂದು. ಎರಡು ಗಂಟೆ ಭಾಷಣ ಕೇಳಿಸ್ಕೊಂಡು ಕೂತಿರ್ತಾರೆ ಪಾಪ, ಮೈಕ್ ಮಾತ್ರ ಅವರ ಕೈಗೆ ಕೊಡಲ್ಲ. ನಮ್ ಪತ್ರಿಕೆಗೆ ಬರೋ ಯುದ್ಧದ ಲೇಖನಗಳೂ ಅಷ್ಟೇ, ಎಲ್ಲಾ ನೆಟ್ಟಿಂದ ಎತ್ತಿದ್ದು, ಒಬ್ಬರಾದ್ರೂ ಒಂದು ಜಗಲಿ ಹತ್ತಿ ಬಂದಿರಲ್ಲ.

ಹತ್ತಿ ಬಂದಿರೋಳು ನಿಮ್ ಮಗಳು. ಮೇಷ್ಟ್ರು ಎಷ್ಟು ಮಾರ್ಕ್ಸ್ ಕೊಟ್ರು ಅಂತ ನಾನು ಕೇಳಲ್ಲ. ಆದ್ರೆ ನೀವು ಕಳ್ಸಿರೋ ಎರಡನೇ ಪುಟದ ಕೊನೇ ಸಾಲು ಹಿಂಗಿದೆ: "ಜೊತೆಗಿದ್ದವರು ಏನಾದರು ಅಂತ ಕೇಳಿದೆ. ತಾತ ಮಾತಾಡಲಿಲ್ಲ. ಎದ್ದು ಹೋಗಿ ಹಸುಗೆ ನೀರಿಟ್ಟು ಬಂದು ಕೂತರು. ಆಮೇಲೆ". ಅಲ್ಲಿಗೆ ಪುಟ ಮುಗೀತು. ಮೂರನೇ ಪುಟಾನೂ ಜೆರಾಕ್ಸ್ ಮಾಡಿ ಕಳ್ಸಿ ಸ್ವಾಮಿ, ಖರ್ಚು ನಾನು ಕೊಡ್ತೀನಿ.